ಸಿಂದಗಿ ಸ್ಟೇಷನ್ನಿನ ಗ್ವಾಡಿ

ನಮ್ಮ ಜಿಲ್ಲೆಯಲ್ಲಿ ಊರಿನ ಹೆಸರಿಗೆ ‘ರೋಡ್’ ಅಂಟಿಸಿದ ಸ್ಟೇಷನ್ ಕಂಡರೆ ಆ ಊರು ಅಲ್ಲಿಲ್ಲ ಎಂದು ತಿಳಿಯಬೇಕು. ಇಂಡಿ ರೋಡಿನಲ್ಲಿ ಇಳಿದವರಿಗೆ ಇಂಡಿ ಕಾಣದು, ಬಸವನ ಬಾಗೇವಾಡಿ ರೋಡಿನಲ್ಲಿ ಇಳಿದವರಿಗೆ ಬಾಗೇವಾಡಿ ಕಾಣದು. 1880ರ ದಶಕದಲ್ಲಿ ಹಾಕಿದ ಹೋಟಗಿ–ಗದಗ ಹಳಿಯ ಮೇಲೆ ಆ ಊರುಗಳಿಗೆ ‘ರೋಡ್’ ಆದರೂ ಸಿಕ್ಕಿತು. ಮುದ್ದೇಬಿಹಾಳಕ್ಕೆ, ನಮ್ಮ ಸಿಂದಗಿಗೆ ಅದೂ ಇಲ್ಲ. ನಮ್ಮಲ್ಲಿ ಚುನಾವಣೆಗೆ ರೈಲು ಬರುತ್ತದೆ, ಮತ ಎಣಿಸಿದೊಡನೆ ಹೋಗುತ್ತದೆ. ಕಾದು ಸಾಕಾಗಿ, ನಿವೃತ್ತನಾದ ಮೇಲೆ ಸಿಂದಗಿ ಸ್ಟೇಷನ್ನನ್ನು ಹಿತ್ತಲಲ್ಲಿ ನಾನೇ ಕಟ್ಟಲು ಕೂತೆ.

ಅಳತೆ 22.5ಕ್ಕೆ 1. ಹಳೆಯ ಮೀಟರ್‌ಗೇಜ್ ಹಳಿಯನ್ನು ಈ ಲೆಕ್ಕಕ್ಕೆ ಇಳಿಸಿದರೆ ಅಂಗಡಿಯಲ್ಲಿ ಸಿಗುವ 45 ಮಿಲಿಮೀಟರ್ ಆಟಿಕೆ ಹಳಿಗೆ ಸರಿಹೋಗುತ್ತದೆ. 14 ಅಡಿ ಗೋಡೆ 19 ಸೆಂಟಿಮೀಟರ್ ಆಗುತ್ತದೆ. ಮೊದಲು ಗೋಲಗುಂಬಜದ ಆಸೆಯೂ ಇತ್ತು. ಗುಮ್ಮಟ ಒಂದೇ ಸುಮಾರು 2 ಮೀಟರ್ ಅಗಲ ಎಂದು ಲೆಕ್ಕ ಬಂದಾಗ ಆದಿಲಶಾಹಿಗಳ ಸಹವಾಸ ಬಿಟ್ಟೆ.

ಥರ್ಮಾಕೋಲ್ ಗೋಡೆ ಗಾಳಿಗೆ ಹಾರಿತು, ಪ್ಲೈವುಡ್ ಮಳೆಗೆ ಉಬ್ಬಿತು. ಕಡೆಗೆ ಕರಿಕಲ್ಲಿನ ಖಡಿ ಕುಟ್ಟಿ, ಮನೆಯಾಕೆಯ ಜೋಳದ ಸಾಣಿಗೆಯಲ್ಲಿ ಸೋಸಿ, ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಸಿಮೆಂಟ್ ಹಚ್ಚುತ್ತ ಕಲ್ಲ ಮೇಲೆ ಕಲ್ಲು ಇಟ್ಟೆ.

ಅಷ್ಟರಲ್ಲಿ ಗೌಂಡಿ ಬಂದ. ಎರಡು ಮಳೆಗಾಲದ ಹಿಂದೆ ಬಿದ್ದ ಹಿತ್ತಲ ಗೋಡೆಗೆಂದು ಮನೆಯಾಕೆ ಕರೆಸಿದ್ದಳು. ಅವನ ಕಣ್ಣು ಮೊದಲು ನನ್ನ ಗೋಡೆಯ ಮೇಲೆ ಬಿತ್ತು.

“ಪಾಯಾ ಎಷ್ಟ ತಗದೀರಿ ಮಾಸ್ತರ?”

“ಪಾಯಾ ಇಲ್ಲ ಕಾಕಾ. ಹಲಗೆ ಮ್ಯಾಲ ಐತಿ.”

ಅವನು ಚಪ್ಪಲಿ ಬಿಟ್ಟು, ನೆಲಕ್ಕೆ ಗಲ್ಲ ತಾಗುವಂತೆ ಮಲಗಿದ. ಒಂದು ಕಣ್ಣು ಮುಚ್ಚಿದ. ಚೀಲದಿಂದ ತೂಗುಗುಂಡು ತೆಗೆದು ಗೋಡೆಗೆ ಇಳಿಬಿಟ್ಟ. ಗುಂಡು ನನ್ನ ಬಾಗಿಲಿಗಿಂತ ದೊಡ್ಡದು. ಟಿಕೆಟ್ ಕಿಟಕಿಯ ಮುಂದೆ ಇಸ್ತ್ರಿ ಅಂಗಿಯ ಸಾಹುಕಾರನಂತೆ ಅತ್ತಿತ್ತ ತೂಗಾಡಿತು. ಅದು ನಿಲ್ಲುವವರೆಗೂ ಇಬ್ಬರೂ ಉಸಿರು ಬಿಡಲಿಲ್ಲ. ನಿಂತಿತು. “ಎಳ್ಳಷ್ಟು ವಾಲೇತ್ರಿ,” ಎಂದ. ನಲವತ್ತು ವರ್ಷ ಹುಡುಗರ ಲೆಕ್ಕಕ್ಕೆ ಸೊನ್ನೆ ಹಾಕಿದವನು ನಾನು. ಅಂದು ನನಗೆ ಬಿದ್ದ ಸೊನ್ನೆ ನೋಡಿ ಕಿವಿ ಬಿಸಿಯಾದವು. ಅವನೇ ನಾಲ್ಕು ಸಾಲು ಬಿಚ್ಚಿ ಮತ್ತೆ ಇಟ್ಟ. ಅವನ ಕರಣಿ ಪ್ಲಾಟ್‌ಫಾರ್ಮಿನಷ್ಟು ಅಗಲ, ಹಾಗಾಗಿ ಅವನಿಗೂ ಕಡ್ಡಿಯೇ ಗತಿ.

“ಗ್ವಾಡಿ ಬುಡಕ ಒಂದ ಕಟ್ಟಿ ಇರಲಿ,” ಎಂದ ಸ್ವಲ್ಪ ಹೊತ್ತಿಗೆ. “ದುಡ್ಯಾಕ ಹೋಗವ್ರು ಗಂಟು ಇಟ್ಟು ಕುಂಡ್ರಾಕ ಬೇಕು. ನಾ ಇಂಡಿ ರೋಡಿನಾಗ ರಾತ್ರಿಯೆಲ್ಲಾ ನೆಲದ ಮ್ಯಾಲ ಕುಂತೀನಿ, ಹುಡುಗನ್ನ ತೊಡಿ ಮ್ಯಾಲ ಹಾಕ್ಕೊಂಡು.”

ನನ್ನ ನಕ್ಷೆಯಲ್ಲಿ ಕಟ್ಟೆ ಇರಲಿಲ್ಲ. ಗಡಿಯಾರ ಇತ್ತು, ಹೂಕುಂಡ ಇತ್ತು.

ಕಟ್ಟೆ ಮುಗಿಯುವಾಗ ಹೊತ್ತು ಮುಳುಗಿತ್ತು. ಕಾಕಾ ಒಂದು ದಿನದ ಪಗಾರ ಎಣಿಸಿಕೊಂಡು ಹೋದ. ಹಿತ್ತಲ ಗೋಡೆ ಬಿದ್ದಲ್ಲೇ ಇತ್ತು. ಮನೆಯಾಕೆ ಅದನ್ನೊಮ್ಮೆ ನೋಡಿದಳು, ಸಾಣಿಗೆಯನ್ನೊಮ್ಮೆ ನೋಡಿದಳು.

“ರೈಲು ಎಷ್ಟ ಗಂಟೆಕ್ಕ ಐತ್ರಿ? ನಾ ತವರಿಗೆ ಹೋಗಬೇಕು.”