ಸಭಾಮಣಿದರ್ಪಣಂ: ಸಂಧಿ ಪ್ರಕರಣ

ಕನ್ನಡ ನುಡಿಗೆ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಸೂತ್ರ, ವೃತ್ತಿ, ಪ್ರಯೋಗಗಳ ಸಮೇತ ವ್ಯಾಕರಣ ಬರೆದಿಟ್ಟ. ಕನ್ನಡಿಗರ ಸಭೆಗೆ ಮಾತ್ರ ಆ ಭಾಗ್ಯ ಬಂದಿಲ್ಲ. ಅಮೆರಿಕದವರು ಪುಣ್ಯವಂತರು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚಿನ ಸಭೆಗೆ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಇಂಜಿನಿಯರನನ್ನು ಹಿಡಿದು ಅಧ್ಯಕ್ಷನಾಗಿ ಕೂರಿಸಿದರು. ಸಭೆ ಕೈಮೀರಿತು. ಆತ ಹಟ ಹಿಡಿದು ಓದಿ, 1876ರಲ್ಲಿ ಸಭಾನಿಯಮಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ. ನಮ್ಮಲ್ಲಿ ಸಭೆ ಕೈಮೀರಿದರೆ ಉಪ್ಪಿಟ್ಟು ಬಡಿಸುತ್ತಾರೆ. ಪುಸ್ತಕ ಹುಟ್ಟದಿರಲು ಕಾರಣ ಇದೇ.

ಬಡಾವಣೆಯ ಸಂಘದ ಹನ್ನೊಂದು ವಾರ್ಷಿಕ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಡೆಸಿದ ಸಂಶೋಧನೆಯಿಂದ ಸಿದ್ಧವಾದದ್ದಿಷ್ಟು: ಸಭೆಯಲ್ಲೂ ಕನ್ನಡ ಸಂಧಿಗಳು ಮೂರೇ.

ಮೊದಲನೆಯದು ಲೋಪ. ಪೂರ್ವಪದದ ಕೊನೆಯ ಸ್ವರ ಬಿದ್ದುಹೋಗುವಂತೆ, ಸಭೆಯಲ್ಲಿ ಕೊನೆಯ ಸಾಲಿನವರು ಬಿದ್ದುಹೋಗುತ್ತಾರೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಸಲ್ಲುತ್ತದೆ ಎಂಬುದು ವೈಯಾಕರಣರ ಷರತ್ತು. ನಮ್ಮ ಸಭೆಗಳಲ್ಲಿ ಯಾರು ಎದ್ದುಹೋದರೂ ಅರ್ಥ ಕೆಟ್ಟ ನಿದರ್ಶನವಿಲ್ಲ. ಸಂವಿಧಾನ ಈ ಲೋಪಕ್ಕೊಂದು ಮಿತಿ ಹಾಕಿದೆ. 189ನೇ ವಿಧಿಯ ಪ್ರಕಾರ ವಿಧಾನಸಭೆಯ ಕೋರಂ ಎಂದರೆ ಹತ್ತು ಜನ ಇಲ್ಲವೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು. ಕರ್ನಾಟಕದ 224 ಸದಸ್ಯರಲ್ಲಿ ಹತ್ತನೇ ಒಂದು 22.4. ಶಾಸಕರನ್ನು ದಶಮಾಂಶಕ್ಕೆ ಕತ್ತರಿಸಲು ಬಾರದ್ದರಿಂದ 23. ನಮ್ಮ ಸಂಘದ ಬೈಲಾ ಇನ್ನೂ ಸೂಕ್ಷ್ಮ: ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ ಅದೇ ಏಳು ಜನ ಮತ್ತೆ ಸೇರಬೇಕು, ಆಗ ಕೋರಂ ಬೇಡ.

ಎರಡನೆಯದು ಆಗಮ. ಮನೆ, ಅನ್ನು ಎರಡರಲ್ಲೂ ಇಲ್ಲದ ಯಕಾರ ನಡುವೆ ಬಂದು ಕೂರುವಂತೆ, ಕಾರ್ಯಸೂಚಿಯಲ್ಲಿಲ್ಲದ್ದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’ ಎಂಬ ಬಾಗಿಲಿನಿಂದ ಒಳಬರುತ್ತದೆ. ಲೋಕಸಭೆಯ ಶೂನ್ಯ ವೇಳೆಯೂ ಆಗಮವೇ. ನಿಯಮಾವಳಿಯಲ್ಲಿ ಆ ಹೆಸರಿಲ್ಲ.

ವಿದ್ವತ್ತು ಬೇಕಾಗುವುದು ಆದೇಶಕ್ಕೆ. ಕ, ತ, ಪ ಗಳಿಗೆ ಗ, ದ, ಬ ಬರುವುದನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಅದರ ಪ್ರಯೋಗ ಕಾಣಬೇಕಾದರೆ ನಡಾವಳಿ ಪುಸ್ತಕ ತೆರೆಯಬೇಕು. ಸಭೆಯಲ್ಲಿ ಕಾರ್ಯದರ್ಶಿಗಳು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ‘ಕೂಗಾಡಿದರು’ ಎಂದು ಗೀಚಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಮರುದಿನ ನೀಲಿ ಶಾಯಿಯಲ್ಲಿ ಅದು ‘ಗಮನ ಸೆಳೆದರು’ ಆಗಿತ್ತು. ‘ತಕರಾರು ತೆಗೆದರು’ ಎಂಬುದು ‘ದಯಮಾಡಿ ತಿಳಿಸಬೇಕೆಂದು ಕೋರಿದರು’ ಆಯಿತು. ‘ಪಟ್ಟು ಹಿಡಿದರು’ ಎಂಬುದು, ಹೇಗೆಂದು ಕೇಳಬೇಡಿ, ‘ಬೆಂಬಲಿಸಿದರು’. ಪರುಷಗಳೆಲ್ಲ ಸರಳವಾದ ಮೇಲೆ ಠರಾವು ಧ್ವನಿಮತದಿಂದ ಅಂಗೀಕಾರವಾಗುತ್ತದೆ. ಯಾರಾದರೂ ಕೈ ಎತ್ತಿಸಿ ಎಣಿಸಿ ಎಂದರೆ, ಖಜಾಂಚಿಗಳು ಎದ್ದು ‘ತಿಂಡಿ ತಣ್ಣಗಾಗ್ತಿದೆ’ ಎನ್ನುತ್ತಾರೆ. ಈ ಸೂತ್ರ ರಾಬರ್ಟನಿಗೆ ಹೊಳೆದಿರಲಿಲ್ಲ.

ಕಡೆಗೆ ಪ್ರಕೃತಿಭಾವ. ‘ಅಯ್ಯೋ ಇದೇನು’ ಎಂಬಲ್ಲಿ ಸಂಧಿಯಾಗದು. ನಮ್ಮಲ್ಲಿ ಅದಕ್ಕೆ ಉದಾಹರಣೆ ಮೂರನೇ ಅಡ್ಡರಸ್ತೆಯ ನಿವೃತ್ತ ಶಿರಸ್ತೇದಾರರು. ವಿಧಾನಸಭೆಯಲ್ಲಿ ನಿಯಮಭಂಗವಾಯಿತೆಂದು ತಡೆಯುವುದಕ್ಕೆ ಕ್ರಿಯಾಲೋಪ ಎನ್ನುತ್ತಾರೆ. ಅದನ್ನೆತ್ತಿದರೆ ಪೀಠ ತೀರ್ಪು ಕೊಡುವವರೆಗೆ ಕಲಾಪ ನಿಲ್ಲಬೇಕು. ಇವರು ಪ್ರತಿ ವರ್ಷವೂ ಎದ್ದು ‘ಅಧ್ಯಕ್ಷರೇ, ಕ್ರಿಯಾಲೋಪ! ಗಣೇಶೋತ್ಸವಕ್ಕೆ ತಂದ ಕುರ್ಚಿಗಳಲ್ಲಿ ಆರು ಎಲ್ಲಿ ಹೋದವು?’ ಎನ್ನುತ್ತಾರೆ.

‘ನೋಡೋಣ, ಕೂತ್ಕೊಳ್ಳಿ ಯಜಮಾನ್ರೇ.’

ಹನ್ನೊಂದು ನಡಾವಳಿಗಳಲ್ಲೂ ಈ ಪ್ರಶ್ನೆ ಅಕ್ಷರ ಬದಲಾಗದೆ ನಿಂತಿದೆ. ಕುರ್ಚಿಗಳು ಇನ್ನೂ ಸಿಕ್ಕಿಲ್ಲ.