ಪಂಜರ ಪಂಡಿತರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಪಶುವೈದ್ಯಕೀಯ ಕಾಲೇಜಿನ ಮೆಟ್ಟಿಲನ್ನು ಎಂದೂ ಹತ್ತದೆ ಪಕ್ಷಿವೈದ್ಯರೆಂಬ ಕೀರ್ತಿ ಸಂಪಾದಿಸಿದ ನಿವೃತ್ತ ಹಿರಿಯರು ಬೀದಿಗೊಬ್ಬರಂತೆ ಸಿಗುತ್ತಾರೆ. ಅಧ್ಯಯನದ ಅನುಕೂಲಕ್ಕಾಗಿ ಇವರನ್ನು ಪಂಜರ ಪಂಡಿತರೆಂದು ಕರೆಯಬಹುದು. ಇವರ ಮುಖ್ಯ ರೋಗಿ ಬಡ್ಜಿ, ಅಂದರೆ ಆಸ್ಟ್ರೇಲಿಯಾ ಮೂಲದ, 30ರಿಂದ 40 ಗ್ರಾಂ ತೂಗುವ ಪುಟ್ಟ ಗಿಳಿ. ಪೇಟೆಯಲ್ಲಿ ಇದನ್ನು ‘ಲವ್ ಬರ್ಡ್ಸ್’ ಎಂದೇ ಮಾರುವುದರಿಂದ, ನಿಜವಾದ ಲವ್ ಬರ್ಡ್ ಆಫ್ರಿಕಾದ ಬೇರೆಯೇ ಹಕ್ಕಿಯೆಂದು ಯಾರಾದರೂ ಹೇಳಿದರೆ ಪಂಡಿತರು ಅವರನ್ನು ಕನಿಕರದಿಂದ ನೋಡುತ್ತಾರೆ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದ್ದರಿಂದ, ಅವು ಬೇಟೆಗಾರರಿಂದ ಮಾತ್ರವಲ್ಲದೆ ಪಂಡಿತರಿಂದಲೂ ಕಾನೂನುಬದ್ಧ ರಕ್ಷಣೆ ಪಡೆದಿವೆ.

ಪಂಡಿತರ ನಿದಾನಶಾಸ್ತ್ರದಲ್ಲಿ, ಅಂದರೆ ರೋಗವನ್ನು ಗುರುತಿಸುವ ಕ್ರಮದಲ್ಲಿ, ಒಟ್ಟು ಮೂರೇ ಕಾಯಿಲೆಗಳು: ಶೀತ, ಉಷ್ಣ ಮತ್ತು ದೃಷ್ಟಿ. ಹಕ್ಕಿ ಸೀನಿದರೆ ಶೀತ, ಹಿಕ್ಕೆ ನೀರಾದರೆ ಉಷ್ಣ, ಎರಡೂ ಇಲ್ಲದೆ ಮಂಕಾಗಿ ಕುಳಿತರೆ ಎದುರುಮನೆಯವರ ದೃಷ್ಟಿ. ಕಾಡಿನಲ್ಲಿ ನಿತ್ರಾಣಗೊಂಡ ಹಕ್ಕಿ ಬೇಟೆಯಾಡುವ ಪ್ರಾಣಿಯ ಕಣ್ಣಿಗೆ ಮೊದಲು ಬೀಳುವುದರಿಂದ, ಹಕ್ಕಿಗಳು ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಟ್ಟುಕೊಳ್ಳುತ್ತವೆ; ಪುಕ್ಕ ಉಬ್ಬಿಸಿಕೊಂಡು ಪಂಜರದ ತಳಕ್ಕೆ ಇಳಿಯುವಷ್ಟರಲ್ಲಿ ರೋಗ ಬಹುದೂರ ಸಾಗಿರುತ್ತದೆ. ಪಂಡಿತರ ಆಗಮನ ಕರಾರುವಾಕ್ಕಾಗಿ ಈ ಗಳಿಗೆಯಲ್ಲಿ ಆಗುತ್ತದೆ.

ಅವರ ಪ್ರಧಾನ ಔಷಧ ಶುಂಠಿ, ಮೆಣಸು, ತುಳಸಿ ಕುದಿಸಿದ ಕಷಾಯ, ಪ್ರಮಾಣ ಒಂದು ಚಮಚ. ಐದು ಮಿಲಿಲೀಟರಿನ ಈ ಚಮಚ 35 ಗ್ರಾಂ ಹಕ್ಕಿಯ ತೂಕದ ಏಳನೆಯ ಒಂದು ಪಾಲಾಗುವುದರಿಂದ, ಇದೇ ಲೆಕ್ಕದಲ್ಲಿ 70 ಕಿಲೋ ತೂಗುವ ಪಂಡಿತರು ಒಂದೇ ಸಲಕ್ಕೆ 10 ಲೀಟರ್ ಕಷಾಯ ಕುಡಿಯಬೇಕಾಗುತ್ತದೆಂಬ ಗಣಿತವನ್ನು ಅವರಿಗೆ ಯಾರೂ ಹೇಳಿಲ್ಲ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಬಲವಂತವಾಗಿ ಹುಯ್ದದ್ದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆದರೆ ಹಕ್ಕಿ ಒದ್ದಾಡಿದರೆ ಪಂಡಿತರು ‘ಮದ್ದು ಹತ್ತುತ್ತಿದೆ’ ಎಂದು ಮನೆಯವರಿಗೆ ಧೈರ್ಯ ಹೇಳುತ್ತಾರೆ. ಗಂಟಲು ಬಿಡಲೆಂದು ಕೊಡುವ ಹಸಿಮೆಣಸಿನಕಾಯಿ ನಿರಪಾಯವಾದುದು, ಏಕೆಂದರೆ ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್ ಹಕ್ಕಿಗಳ ನರಗಳಿಗೆ ತಟ್ಟುವುದೇ ಇಲ್ಲ. ಆದರೆ ಗಿಳಿ ಕಣ್ಣಲ್ಲಿ ನೀರು ತಾರದೆ ತಿಂದದ್ದು ಪಂಡಿತರ ದೃಷ್ಟಿಯಲ್ಲಿ ಚಿಕಿತ್ಸೆಯ ವಿಜಯ. ಮೈಗೆ ಸವರುವ ಹರಳೆಣ್ಣೆ ಪುಕ್ಕಗಳನ್ನು ಅಂಟಿಸಿ ಮೈಶಾಖ ಕಳೆಯುತ್ತದೆ. ದೃಷ್ಟಿ ತೆಗೆಯಲು ಹಾಕುವ ಲೋಬಾನದ ಹೊಗೆ, ಶ್ವಾಸಕೋಶಕ್ಕೆ ಕೂಡಿಕೊಂಡು ಮೈಯೊಳಗೆಲ್ಲ ಹಬ್ಬಿರುವ ಗಾಳಿಚೀಲಗಳಿಗೂ ಹೊಕ್ಕು, ಇಲ್ಲದ ಶೀತವನ್ನು ಬರಿಸುತ್ತದೆ.

ಇಷ್ಟಾದರೂ ಪಂಡಿತರ ಕೈಗುಣದಿಂದ ಬದುಕಿದ ಹಕ್ಕಿಗಳಿಲ್ಲವೆಂದಲ್ಲ. ರಾತ್ರಿ ರೋಗಿಯ ಮುಖ ಕಾಣಲೆಂದು ಅವರು ಪಂಜರದ ಪಕ್ಕ ಹಳೆಯ ಕಾಲದ 40 ವ್ಯಾಟಿನ ಬಲ್ಬು ಉರಿಸುತ್ತಾರೆ. ಸುಮಾರು 41 ಡಿಗ್ರಿ ಸೆಲ್ಸಿಯಸ್ ಮೈಶಾಖವನ್ನು ಕಾಯ್ದುಕೊಳ್ಳಲು ಹೆಣಗುವ ಪುಟ್ಟ ಜೀವಕ್ಕೆ ಆ ಬೆಚ್ಚನೆಯೇ ಆಸರೆಯಾಗುತ್ತದೆ. ಕೊಕ್ಕು ಮಸೆಯಲೆಂದು ಗ್ರಂಧಿಗೆ ಅಂಗಡಿಯಿಂದ ತಂದು ಸಿಕ್ಕಿಸುವ ಸಮುದ್ರ ನೊರೆ, ಅಂದರೆ ಕಟಲ್ ಮೀನೆಂಬ ಕಡಲಜೀವಿಯ ಒಳಚಿಪ್ಪು, ಮೊಟ್ಟೆಯಿಡುವ ಹೆಣ್ಣಿಗೆ ಬೇಕಾದ ಕ್ಯಾಲ್ಸಿಯಂ ಒದಗಿಸುತ್ತದೆ. ಆದರೆ ಬಲ್ಬು ಹಾಗೂ ಚಿಪ್ಪು ಪಂಡಿತರ ಲೆಕ್ಕದಲ್ಲಿ ಔಷಧಗಳೇ ಅಲ್ಲ. ಹಕ್ಕಿ ಚೇತರಿಸಿಕೊಂಡರೆ ಕೀರ್ತಿ ಕಷಾಯಕ್ಕೆ ಸಲ್ಲುತ್ತದೆ, ಸತ್ತರೆ ಅಪಕೀರ್ತಿ ಅದರ ಆಯುಸ್ಸಿಗೆ.

ಇಂಥ ಪಂಡಿತರು ತಮಗೆ ನೆಗಡಿಯಾದಾಗ ಮಾತ್ರ ಮೊದಲ ದಿನವೇ ಎಂಬಿಬಿಎಸ್ ವೈದ್ಯರ ಬಾಗಿಲಲ್ಲಿ ಟೋಕನ್ ಹಿಡಿದು ಕುಳಿತಿರುವುದು ಗಮನಾರ್ಹ. ಆದುದರಿಂದ ಹಕ್ಕಿ ಪುಕ್ಕ ಉಬ್ಬಿಸಿ ಕುಳಿತದ್ದನ್ನು ಕಂಡ ಗೃಹಸ್ಥರು, ಸೆಕೆಯಾದರೆ ಅದು ದೂರ ಸರಿಯಲು ಜಾಗವಿರುವಂತೆ ಪಂಜರದ ಒಂದು ಬದಿಗೆ ಮಾತ್ರ ಬಲ್ಬು ಹಚ್ಚಿ, ಹಕ್ಕಿಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ತಡಮಾಡದೆ ಕೊಂಡೊಯ್ಯುವುದು ಒಳಿತು. ಅಷ್ಟರಲ್ಲಿ ಪಂಡಿತರು ಕಷಾಯ ಕಾಸಿ ತಂದರೆ, ಅದನ್ನು ಗೌರವಪೂರ್ವಕವಾಗಿ ಅವರಿಗೇ ಕುಡಿಸತಕ್ಕದ್ದು.