ಗಟ್ಟಿಯಾಗಿ ಯೋಚಿಸಿ!

ನಮ್ಮ ಪಿಜಿಯ ಬಚ್ಚಲಿನ ಕನ್ನಡಿ ತೆಗೆದುಕೊಂಡಷ್ಟು ಇಂಟರ್‌ವ್ಯೂಗಳನ್ನು ಬೆಂಗಳೂರಿನ ಯಾವ ಕಂಪನಿಯೂ ತೆಗೆದುಕೊಂಡಿರಲಿಕ್ಕಿಲ್ಲ. ದಿನಾ ಹಲ್ಲುಜ್ಜುತ್ತಾ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದು ನಾನೇ ಕೇಳುತ್ತೇನೆ. ‘ಮೈಸೆಲ್ಫ್...’ ಎಂದು ಶುರು ಮಾಡಿ, ಹಾಗನ್ನಬಾರದೆಂದು ನೆನಪಾಗಿ ಪೇಸ್ಟಿನ ನೊರೆ ನುಂಗುತ್ತೇನೆ.

ಕೋಡಿಂಗ್ ಏನೋ ಬರುತ್ತೆ. ಬೈನರಿ ಸರ್ಚ್ ಅಂದರೆ ಅಜ್ಜ ನಿಘಂಟು ನೋಡುತ್ತಿದ್ದ ಹಾಗೇ: ಸರಿಯಾಗಿ ನಡುವೆ ತೆರೆ, ಬೇಕಾದ ಪದ ಹಿಂದಿದ್ದರೆ ಮುಂದಿನರ್ಧ ಬಿಡು, ಉಳಿದದ್ದರ ನಡುವೆ ತೆರೆ. 1000 ಪುಟವಿದ್ದರೂ ಹೆಚ್ಚೆಂದರೆ 10 ಸಲ ತೆರೆದರೆ ಪುಟ ಸಿಕ್ಕಿತು. ಕನ್ನಡದಲ್ಲಾದರೆ ಅರ್ಧ ನಿಮಿಷದ ಮಾತು. ಇಂಗ್ಲಿಷಿನಲ್ಲಿ ‘ಆಕ್ಚುಲಿ’, ‘ಬೇಸಿಕಲಿ’ ಎಂಬ ಎರಡೇ ಗಳುವಿನ ಮೇಲೆ ಇಡೀ ಚಪ್ಪರ ನಿಲ್ಲಬೇಕು.

ಮೊನ್ನೆ ಆನ್‌ಲೈನ್ ಸುತ್ತಿನಲ್ಲಿ ಇದೇ ಬೈನರಿ ಸರ್ಚ್ ಬರೆಯಲು ಕೊಟ್ಟು ‘ಥಿಂಕ್ ಅಲೌಡ್’ ಎಂದರು. ಗಟ್ಟಿಯಾಗಿ ಯೋಚಿಸಬೇಕಂತೆ! ನನಗೆ ಯೋಚನೆ ಬರೋದೇ ಕನ್ನಡದಲ್ಲಿ. ‘ಅಯ್ಯೋ, ಈ ಲೂಪ್ ನಿಲ್ಲೋದೇ ಇಲ್ವಲ್ಲಪ್ಪಾ...’ ಎಂದುಬಿಟ್ಟೆ.

ಒಂದು ಕ್ಷಣ ಮೌನ. ಆಮೇಲೆ ಆ ಕಡೆಯಿಂದ ಮೆಲ್ಲಗೆ: ‘ಮಿಡ್‌ಗೆ ಒಂದ್ ಕೂಡಸ್ರಿ, ನಿಲ್ತದ.’

ಧಾರವಾಡದವರು!

ಎಚ್‌ಆರ್ ಸುತ್ತು ಸೋಮವಾರ. ಅವರು ಯಾವ ಊರಿನವರೆಂದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.